ಎಲೆ ಕಲೆಸಿದವರು ಯಾರು?

ಇಸ್ಪೀಟು ಆಡುವವರಲ್ಲಿ ಒಂದು ಹಳೆಯ ರಿವಾಜಿದೆ. ಒಬ್ಬ ಎಲೆ ಕಲೆಸಿದರೆ ಪಕ್ಕದವನು ಕಟ್ಟನ್ನು ಕತ್ತರಿಸಿ ಇಡಬೇಕು. ಆ ಬಳಿಕವೇ ಹಂಚಿಕೆ. ಯುಗಾದಿಯ ಮಾರನೆಯ ದಿನ ಅರಳಿಕಟ್ಟೆಯ ಮೇಲೆ ಕೂತು ಆಡುವವರಿಗೂ, ಪಟ್ಟಣದ ಕ್ಲಬ್ಬಿನಲ್ಲಿ ರಮ್ಮಿ ಆಡುವವರಿಗೂ ಇದು ಗೊತ್ತು. ಇದರ ಕಾರಣವನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಬರುವ ಉತ್ತರ ಸ್ವಲ್ಪ ಮುಜುಗರದ್ದು: ಕಲೆಸಿದವನನ್ನು ನಾವು ಪೂರ್ತಿಯಾಗಿ ನಂಬುವುದಿಲ್ಲ. ಆತ ನಮ್ಮ ಅಣ್ಣನೇ ಆಗಿರಲಿ, ನೆರೆಮನೆಯವನೇ ಆಗಿರಲಿ, ನಡುವೆ ಹಣ ಬಂದ ಮೇಲೆ ಕಟ್ಟಿನ ಮೇಲೆ ಇನ್ನೊಂದು ಕೈ ಬೀಳಲೇಬೇಕು.

ಈ ಅಪನಂಬಿಕೆಗೆ ಪರಿಹಾರವಾಗಿ ಬಂದದ್ದು ಎಲೆ ಕಲೆಸುವ ಯಂತ್ರ. ಯಂತ್ರಕ್ಕೆ ಅಣ್ಣತಮ್ಮಂದಿರಿಲ್ಲ, ಸಾಲವಿಲ್ಲ, ಆಸೆಯಿಲ್ಲ. ಆದುದರಿಂದ ಅದು ಮೋಸ ಮಾಡದು ಎಂಬ ನಂಬಿಕೆಯಿಂದ ಜಗತ್ತಿನ ಕ್ಯಾಸಿನೊಗಳು ಅದನ್ನು ಮೇಜಿನ ಮೇಲಿಟ್ಟವು. ಆದರೆ 2025ರ ಅಕ್ಟೋಬರ್ 23ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಅಮೆರಿಕದ ಫೆಡರಲ್ ಸರಕಾರಿ ವಕೀಲರು ಬಹಿರಂಗಪಡಿಸಿದ ಆರೋಪಪಟ್ಟಿ ಬೇರೆಯೇ ಕಥೆ ಹೇಳಿತು. ಖಾಸಗಿ ಪೋಕರ್ ಮೇಜುಗಳಲ್ಲಿ ಇದೇ ಯಂತ್ರವನ್ನು ಒಳಗಿಂದ ತಿದ್ದಿ, ಶ್ರೀಮಂತ ಆಟಗಾರರಿಂದ ಕನಿಷ್ಠ 70 ಲಕ್ಷ ಡಾಲರ್ ಕಸಿಯಲಾಗಿದೆ ಎಂಬುದು ಆ ಆರೋಪ. ಮೋಸ ತಡೆಯಲು ಬಂದ ಯಂತ್ರವೇ ಮೋಸದ ಸಾಧನವಾದದ್ದು ಹೇಗೆ? ಉತ್ತರ ತಿಳಿಯಬೇಕಾದರೆ ನಾವು ಬಹಳ ಹಿಂದಕ್ಕೆ ಹೋಗಬೇಕು.

ಬಾಣಗಳಿಂದ ಎಲೆಗಳವರೆಗೆ

ಇಸ್ಲಾಮಿಗೆ ಮುಂಚಿನ ಅರಬರಲ್ಲಿ ಮೈಸಿರ್ ಎಂಬ ಜೂಜು ಬಳಕೆಯಲ್ಲಿತ್ತು. ಒಂಟೆಯನ್ನು ಕಡಿದು ಪಾಲು ಮಾಡಿ, ಗುರುತು ಹಾಕಿದ ಹತ್ತು ಬಾಣಗಳನ್ನು ಚೀಲದಲ್ಲಿಟ್ಟು ಒಂದೊಂದಾಗಿ ತೆಗೆಯುತ್ತಿದ್ದರು. ಏಳು ಬಾಣಗಳಿಗೆ ಪಾಲು ಉಂಟು, ಮೂರಕ್ಕೆ ಇಲ್ಲ. ಬಾಣ ತೆಗೆಯುವವನ ಕೈಗೆ ಬಟ್ಟೆ ಸುತ್ತುತ್ತಿದ್ದರು. ಗೀರಿದ ಗುರುತು ಬೆರಳಿಗೆ ತಿಳಿಯಬಾರದು ಎಂಬುದೇ ಇದರ ಉದ್ದೇಶ. ಮೇಲೆ ನೋಡಿಕೊಳ್ಳಲು ಇನ್ನೊಬ್ಬ ಕಾವಲಿನವನೂ ಇರುತ್ತಿದ್ದ. ಕುರ್‌ಆನ್ ಈ ಮೈಸಿರನ್ನು ಮದ್ಯದ ಜೊತೆಗೇ ನಿಷೇಧಿಸಿತು. ಆದರೆ ಇಲ್ಲಿ ನಾವು ಗಮನಿಸಬೇಕಾದದ್ದು ಆ ಬಟ್ಟೆ ಸುತ್ತಿದ ಕೈಯನ್ನು. ಇಂದಿನ ಕ್ಯಾಸಿನೊದ ಯಂತ್ರ ಮಾಡಬೇಕಾದ ಕೆಲಸವೂ ಅದೇ. ತೆಗೆಯುವವನಿಗೆ ಏನು ಬರುತ್ತದೆಂದು ತಿಳಿದಿರಬಾರದು.

ಎಲೆಗಳ ಆಟ ಚೀನಾದಲ್ಲಿ ಹುಟ್ಟಿತೆಂಬುದು ಬಹುತೇಕ ಚರಿತ್ರೆಕಾರರ ಅಭಿಪ್ರಾಯ. ಅದು ಯುರೋಪನ್ನು ಮುಟ್ಟಿದ್ದು 14ನೇ ಶತಮಾನದಲ್ಲಿ, ಮಮ್ಲೂಕರ ಈಜಿಪ್ಟಿನ ದಾರಿಯಾಗಿ. ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿ 1931ರಲ್ಲಿ ವಿದ್ವಾಂಸ ಎಲ್. ಎ. ಮೇಯರ್ ಗುರುತಿಸಿದ ಮಮ್ಲೂಕ್ ಕಟ್ಟು ಇದಕ್ಕೆ ದೊಡ್ಡ ಸಾಕ್ಷಿ. ಅದರಲ್ಲಿ ನಾಲ್ಕು ಬಣ್ಣಗಳು: ಬಟ್ಟಲು, ನಾಣ್ಯ, ಕತ್ತಿ ಮತ್ತು ಪೋಲೊ ಕೋಲು. ಒಟ್ಟು 52 ಎಲೆಗಳ ಲೆಕ್ಕ. ದೊಡ್ಡ ಎಲೆಗಳು ಮೂರು: ಮಲಿಕ್, ನಾಯಿಬ್ ಮಲಿಕ್, ಸಾನಿ ನಾಯಿಬ್. ಅಂದರೆ ರಾಜ, ರಾಜನ ಪ್ರತಿನಿಧಿ, ಎರಡನೆಯ ಪ್ರತಿನಿಧಿ. ಮನುಷ್ಯ ರೂಪಗಳಿಲ್ಲ, ಬರಹ ಮತ್ತು ಬಳ್ಳಿಚಿತ್ರ ಮಾತ್ರ. 1377ರಲ್ಲಿ ಫ್ಲಾರೆನ್ಸ್ ನಗರ ನಿರ್ಬಂಧಿಸಿದ ಹೊಸ ಆಟದ ಹೆಸರು ‘ನಾಯಿಬೆ’. ಸ್ಪೇನಿನಲ್ಲಿ ಇಂದಿಗೂ ಇಸ್ಪೀಟೆಲೆಗೆ ‘ನಾಯಿಪೆ’ ಎನ್ನುತ್ತಾರೆ. ಪೋಲೊ ಆಟ ಗೊತ್ತಿಲ್ಲದ ಯುರೋಪಿಯನ್ನರು ಪೋಲೊ ಕೋಲನ್ನು ಬರಿಯ ದೊಣ್ಣೆಯಾಗಿ ಮಾಡಿಕೊಂಡರು.

ನಮ್ಮ ಕಡೆಗೆ ಎಲೆಗಳು ಬಂದದ್ದು ಗಂಜೀಫಾದ ರೂಪದಲ್ಲಿ. 1527ರಲ್ಲಿ ಸಿಂಧ್‌ನ ಶಾ ಹಸನ್‌ನಿಗೆ ಗಂಜೀಫಾ ಕಳುಹಿಸಿದ್ದನ್ನು ಬಾಬರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ಬೆಳೆಸಿ, ‘ಶ್ರೀತತ್ತ್ವನಿಧಿ’ಯಲ್ಲಿ ಎಲೆಯಾಟಗಳಿಗೆಂದೇ ಪುಟಗಳನ್ನು ಮೀಸಲಿಟ್ಟರು. ಗುಂಡಗಿನ ಗಂಜೀಫಾ ಎಲೆಗಳನ್ನು ಬಟ್ಟೆಯ ಮೇಲೆ ಮಗುಚಿ ಹರಡಿ ಅಂಗೈಯಿಂದ ಕಲೆಸುತ್ತಿದ್ದರು. ಇಂದು ಪೋಕರ್ ಮೇಜುಗಳಲ್ಲಿ ಹೊಸ ಕಟ್ಟು ಬಿಚ್ಚಿದಾಗ ಮೊದಲು ಮಾಡುವುದೂ ಇದನ್ನೇ. ನಾವು ಅರಿಯದೆ ಬಳಸುವ ‘ಗುಲಾಮ’ ಎಂಬ ಎಲೆಯ ಹೆಸರು ಕೂಡ ಅರಬಿಯಿಂದ ಬಂದ ಮಾತು.

ಏಳು ಸಲದ ಲೆಕ್ಕ

ಎಲೆ ಹರಡಿದಲ್ಲೆಲ್ಲ ಮೋಸವೂ ಹರಡಿತು. 16ನೇ ಶತಮಾನದ ಇಟೆಲಿಯ ವೈದ್ಯ, ಗಣಿತಜ್ಞ ಮತ್ತು ಸ್ವತಃ ದೊಡ್ಡ ಜೂಜುಕೋರನಾಗಿದ್ದ ಜಿರೊಲಾಮೊ ಕಾರ್ಡಾನೊ ಜೂಜಿನ ಬಗ್ಗೆ ಬರೆದ ಪುಸ್ತಕದಲ್ಲಿ ಸಂಭವನೀಯತೆಯ ಗಣಿತದ ಜೊತೆಗೆ ಎಲೆಗಳಲ್ಲಿ ಮೋಸ ಮಾಡುವ ಬಗೆಗಳನ್ನೂ ವಿವರಿಸಿದ. ಬೇಕಾದ ಎಲೆ ಸುಲಭವಾಗಿ ಜಾರಲೆಂದು ಸಾಬೂನು ಸವರುವ ಉಪಾಯವೂ ಅದರಲ್ಲಿದೆ. ಮೋಸವನ್ನು ಇಷ್ಟು ಚೆನ್ನಾಗಿ ಬಲ್ಲವರಿಗೂ ಒಂದು ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಮೋಸವೇ ಇಲ್ಲದೆ, ಪ್ರಾಮಾಣಿಕವಾಗಿ ಕಲೆಸಿದರೂ ಎಲೆಗಳು ನಿಜವಾಗಿ ಬೆರೆಯುತ್ತವೆಯೇ? ಎಷ್ಟು ಸಲ ಕಲೆಸಿದರೆ ಸಾಕು?

ಪ್ರಶ್ನೆ ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. 52 ಎಲೆಗಳನ್ನು ಸಾಲಾಗಿ ಜೋಡಿಸುವ ಬಗೆಗಳ ಸಂಖ್ಯೆಯನ್ನು ಬರೆಯಬೇಕಾದರೆ ಸುಮಾರಾಗಿ 8ರ ಮುಂದೆ 67 ಸೊನ್ನೆಗಳನ್ನು ಹಾಕಬೇಕು. ಕಲೆಸುವುದೆಂದರೆ ಈ ಎಲ್ಲ ಜೋಡಣೆಗಳಿಗೂ ಸಮಾನ ಅವಕಾಶ ಕೊಡುವುದು. ಇದನ್ನೇ ಗಣಿತದಲ್ಲಿ ಯಾದೃಚ್ಛಿಕತೆ ಎನ್ನುತ್ತಾರೆ. ಬರಲಿರುವುದು ಯಾರ ಅಂದಾಜಿಗೂ ಸಿಗಬಾರದು.

1955ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಎಡ್ಗರ್ ಗಿಲ್ಬರ್ಟ್ ಮತ್ತು ಮಾಹಿತಿ ಸಿದ್ಧಾಂತದ ಪಿತಾಮಹ ಕ್ಲಾಡ್ ಶಾನನ್ ಇದಕ್ಕೊಂದು ಗಣಿತದ ಮಾದರಿ ಕಟ್ಟಿದರು. ಆದರೆ ಪೂರ್ಣ ಉತ್ತರ ಬಂದದ್ದು ಪರ್ಸಿ ಡಯಾಕೊನಿಸ್ ಎಂಬವರಿಂದ. ಇವರ ಕಥೆಯೇ ವಿಚಿತ್ರ. ಹದಿನಾಲ್ಕನೇ ವಯಸ್ಸಿನಲ್ಲಿ ಮನೆಬಿಟ್ಟು ಡಾಯ್ ವರ್ನನ್ ಎಂಬ ಜಾದೂಗಾರನ ಹಿಂದೆ ಹೋದ ಹುಡುಗ, ಎಲೆಗಳ ಕೈಚಳಕ ಕಲಿತು, ಮೋಸಗಾರರ ಕಸುಬನ್ನು ಹತ್ತಿರದಿಂದ ನೋಡಿ, ಆ ಮೇಲೆ ಗಣಿತ ಓದಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. ಅವರು ಮತ್ತು ಡೇವ್ ಬೇಯರ್ 1992ರಲ್ಲಿ ಪ್ರಕಟಿಸಿದ ಪ್ರಬಂಧದ ಸಾರ ಹೀಗಿದೆ. ಕಟ್ಟನ್ನು ಎರಡು ಪಾಲು ಮಾಡಿ, ಹೆಬ್ಬೆರಳುಗಳಿಂದ ಅಂಚು ಬಿಡುತ್ತ ಎಲೆಗಳು ಒಂದರೊಳಗೊಂದು ಬೀಳುವಂತೆ ಮಾಡುವ ರಿಫಲ್ ವಿಧಾನದಲ್ಲಿ, ಸುಮಾರು ಏಳು ಸಲ ಕಲೆಸಿದರೆ ಕಟ್ಟು ಸಾಕಷ್ಟು ಬೆರೆಯುತ್ತದೆ.

ಇದು ಯಾಕೆ ಹಾಗೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ಗಣಿತಜ್ಞರಾಗಬೇಕಿಲ್ಲ. ಒಂದು ಸಲ ರಿಫಲ್ ಮಾಡಿದಾಗ ಎರಡು ಪಾಲಿನ ಎಲೆಗಳು ಬೆರೆತರೂ ಪ್ರತಿ ಪಾಲಿನ ಒಳಗಿನ ಕ್ರಮ ಕೆಡುವುದಿಲ್ಲ. ಎರಡು ಎಳೆಗಳನ್ನು ಹೆಣೆದಂತೆ ಅಷ್ಟೇ. ಎರಡನೆಯ ಸಲಕ್ಕೆ ಎಳೆಗಳು ಹೆಚ್ಚೆಂದರೆ ನಾಲ್ಕು, ಮೂರನೆಯದಕ್ಕೆ ಎಂಟು, ಐದನೆಯದಕ್ಕೆ 32. ಕಟ್ಟು ಪೂರ್ತಿ ತಿರುವುಮುರುವಾಗಿ ಬರಬೇಕಾದರೆ 52 ಎಳೆಗಳು ಬೇಕು. ಅಂದರೆ ಐದು ಸಲ ಕಲೆಸಿದ ಕಟ್ಟಿನಲ್ಲಿ ಅಂಥ ಜೋಡಣೆ ಬರುವುದು ಅಸಾಧ್ಯ. ಪೂರ್ತಿ ಬೆರೆಯದ ಕಟ್ಟಿಗೆ 1, ಪರಿಪೂರ್ಣವಾಗಿ ಬೆರೆತ ಕಟ್ಟಿಗೆ 0 ಎಂಬ ಅಳತೆಗೋಲಿನಲ್ಲಿ ಐದು ಸಲದ ಬಳಿಕ ಅಂಕ 0.924, ಏಳರ ಬಳಿಕ 0.334, ಹತ್ತರ ಬಳಿಕ 0.043. ನಮ್ಮಲ್ಲಿ ಹೆಚ್ಚಿನವರು ಮಾಡುವಂತೆ ಕಟ್ಟನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಗೆ ಚೂರುಚೂರಾಗಿ ಉದುರಿಸುವ ವಿಧಾನಕ್ಕಾದರೆ ಏಳಲ್ಲ, ಸಾವಿರಗಟ್ಟಲೆ ಸಲ ಬೇಕು!

ಹಾಗಾದರೆ ಮನುಷ್ಯ ನೂರಾರು ವರ್ಷ ಆಡಿದ್ದು ಅರೆಬೆಂದ ಕಟ್ಟಿನಲ್ಲಿಯೇ? ಹೌದು. ಬ್ರಿಜ್ ಪಂದ್ಯಗಳಲ್ಲಿ ಕಂಪ್ಯೂಟರಿನಿಂದ ಎಲೆ ಹಂಚತೊಡಗಿದಾಗ ಅನುಭವಿ ಆಟಗಾರರು ದೂರು ಹೇಳಿದರು: ಯಂತ್ರ ಹಂಚಿದ ಎಲೆಗಳು ವಿಪರೀತ, ಒಂದೇ ಬಣ್ಣದವು ಒಬ್ಬನ ಕೈಗೇ ಬರುತ್ತವೆ ಎಂದು. ಲೆಕ್ಕ ಹಾಕಿ ನೋಡಿದರೆ ತಪ್ಪು ಯಂತ್ರದ್ದಲ್ಲ, ಕೈಯದು. ಸರಿಯಾಗಿ ಬೆರೆಯದ ಕಟ್ಟಿಗೆ ಒಗ್ಗಿದವರಿಗೆ ಸರಿಯಾದ ಬೆರಕೆಯೇ ಅನುಮಾನಾಸ್ಪದವಾಗಿ ಕಂಡಿತ್ತು.

ಲಾರಿ ಡ್ರೈವರನ ಯಂತ್ರ

ಸ್ನೇಹಿತರ ಆಟದಲ್ಲಿ ಅರೆಬೆಂದ ಕಟ್ಟು ನಡೆದೀತು, ಕ್ಯಾಸಿನೊದಲ್ಲಿ ನಡೆಯದು. ಯಾಕೆಂದರೆ ಕ್ಯಾಸಿನೊ ಬದುಕುವುದು ಅದೃಷ್ಟದಿಂದಲ್ಲ, ಲೆಕ್ಕದಿಂದ. ಯುರೋಪಿನ ರೂಲೆಟ್ ಚಕ್ರದಲ್ಲಿ 37 ಮನೆಗಳಿವೆ. ಒಂದು ಸಂಖ್ಯೆಗೆ ಹಣ ಕಟ್ಟಿ ಗೆದ್ದವನಿಗೆ ಒಂದಕ್ಕೆ 35ರಂತೆ ಕೊಡುತ್ತಾರೆ. ಈ ಸಣ್ಣ ವ್ಯತ್ಯಾಸದಿಂದ ಕಟ್ಟಿದ ಪ್ರತಿ 100 ರೂಪಾಯಿಯಲ್ಲಿ ಸರಾಸರಿ 2 ರೂಪಾಯಿ 70 ಪೈಸೆ ಮಾಲೀಕನಿಗೆ ಉಳಿಯುತ್ತದೆ. ಇಂದು ಒಬ್ಬ ಗೆಲ್ಲಬಹುದು, ನಾಳೆ ಇನ್ನೊಬ್ಬ. ಲಕ್ಷಗಟ್ಟಲೆ ಆಟಗಳಾದಾಗ ಲೆಕ್ಕ ತಪ್ಪದೆ ಮಾಲೀಕನ ಕಡೆಗೆ ವಾಲುತ್ತದೆ. ಆದರೆ ಇದಕ್ಕೊಂದು ಷರತ್ತು. ಚಕ್ರವಾಗಲಿ ಎಲೆಯಾಗಲಿ ನಿಜವಾಗಿಯೂ ಯಾರ ಅಂದಾಜಿಗೂ ಸಿಗದಂತಿರಬೇಕು. ಸಿಕ್ಕಿದರೆ ಆ ಎರಡು ಮೂರು ರೂಪಾಯಿಯ ಅಂತರ ಆಟಗಾರನ ಕಡೆಗೆ ಹೊರಳುತ್ತದೆ.

ಹೊರಳಿಸಿ ತೋರಿಸಿದವರು ಎಡ್ವರ್ಡ್ ಥಾರ್ಪ್ ಎಂಬ ಗಣಿತದ ಅಧ್ಯಾಪಕರು. ಬ್ಲ್ಯಾಕ್‌ಜಾಕ್ ಆಟದಲ್ಲಿ ಮೇಜಿಗೆ ಬಂದು ಹೋದ ಎಲೆಗಳನ್ನು ನೆನಪಿಟ್ಟರೆ ಉಳಿದ ಕಟ್ಟಿನಲ್ಲಿ ಎಕ್ಕ ಮತ್ತು ಹತ್ತರ ಎಲೆಗಳು ಹೆಚ್ಚಿವೆಯೇ ಎಂದು ತಿಳಿಯುತ್ತದೆ. ಹೆಚ್ಚಿದ್ದಾಗ ದೊಡ್ಡ ಹಣ ಕಟ್ಟಬೇಕು, ಇಲ್ಲದಾಗ ಚಿಕ್ಕದು. ಐಬಿಎಂ ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿ ಅವರು 1962ರಲ್ಲಿ ‘ಬೀಟ್ ದ ಡೀಲರ್’ ಎಂಬ ಪುಸ್ತಕ ಪ್ರಕಟಿಸಿದರು. ಗಾಬರಿಗೊಂಡ ಲಾಸ್ ವೇಗಸ್ ಕ್ಯಾಸಿನೊಗಳು 1964ರ ಏಪ್ರಿಲ್‌ನಲ್ಲಿ ಆಟದ ನಿಯಮಗಳನ್ನೇ ಬಿಗಿ ಮಾಡಿದವು. ಗಿರಾಕಿಗಳು ಬರುವುದನ್ನೇ ಬಿಟ್ಟರು. ಕೆಲವೇ ವಾರಗಳಲ್ಲಿ ಹಳೆಯ ನಿಯಮ ಮರಳಿ ಬಂತು. ಆಗ ಕಂಡುಕೊಂಡ ದಾರಿಯೆಂದರೆ ಒಂದು ಕಟ್ಟಿನ ಬದಲು ನಾಲ್ಕು, ಆರು, ಎಂಟು ಕಟ್ಟುಗಳನ್ನು ಒಟ್ಟು ಸೇರಿಸಿ ಪೆಟ್ಟಿಗೆಯಿಂದ ಹಂಚುವುದು. ಆದರೆ ಎಂಟು ಕಟ್ಟೆಂದರೆ 416 ಎಲೆಗಳು. ಅದನ್ನು ಕೈಯಿಂದ ಕಲೆಸಲು ಹಲವು ನಿಮಿಷ ಬೇಕು. ಅಷ್ಟು ಹೊತ್ತು ಆಟ ನಿಲ್ಲುತ್ತದೆ, ಆಟ ನಿಂತರೆ ಆದಾಯವೂ ನಿಲ್ಲುತ್ತದೆ. ಅವಸರದಲ್ಲಿ ಡೀಲರ್ ಅರೆಬರೆ ಕಲೆಸಿದರೆ, ಎಲೆಗಳ ಗುಂಪು ಎಲ್ಲಿ ಹೋಯಿತೆಂದು ಕಣ್ಣಿನಿಂದಲೇ ಹಿಂಬಾಲಿಸುವ ಚತುರರು ಹುಟ್ಟಿಕೊಂಡರು.

ಇದೇ ಹೊತ್ತಿಗೆ ನ್ಯಾಯಾಲಯದಿಂದ ಇನ್ನೊಂದು ಪೆಟ್ಟು ಬಿತ್ತು. ಎಲೆ ಲೆಕ್ಕ ಇಡುವ ಆಟಗಾರರನ್ನು ಕ್ಯಾಸಿನೊ ತನ್ನಿಷ್ಟದಂತೆ ಹೊರಹಾಕುವಂತಿಲ್ಲ ಎಂದು 1982ರಲ್ಲಿ ನ್ಯೂಜೆರ್ಸಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಕೆನ್ ಉಸ್ಟನ್ ಎಂಬ ಆಟಗಾರನ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಮಿನ್ನೆಸೋಟದ ಲಾರಿ ಡ್ರೈವರ್ ಜಾನ್ ಬ್ರೀಡಿಂಗ್ ಎಂಬವರು ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊಗಳ ಈ ಪೇಚಾಟದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಎಲೆ ಕಲೆಸುವ ಯಂತ್ರ ಮಾಡಿದರೆ ಹೇಗೆ ಎಂದು ಯೋಚಿಸಿದರು. 1983ರಲ್ಲಿ ‘ಷಫಲ್ ಮಾಸ್ಟರ್’ ಕಂಪೆನಿ ಹುಟ್ಟಿತು. ಯಂತ್ರ ಕ್ಯಾಸಿನೊದ ಮೇಜಿಗೆ ಬರಲು ಇನ್ನೂ ಸುಮಾರು ಒಂಬತ್ತು ವರ್ಷ ಹಿಡಿಯಿತು. ಕಲ್ಪನೆ ಹೊಸದೇನಲ್ಲ. 19ನೇ ಶತಮಾನದ ಕೊನೆಯಲ್ಲೇ ಅಮೆರಿಕದಲ್ಲಿ ಬಾಚಣಿಗೆಯ ಹಲ್ಲಿನಂಥ ತಳವುಳ್ಳ ಪೆಟ್ಟಿಗೆಗಳಿಗೆ, ತಿರುಗುವ ಉಪಕರಣಗಳಿಗೆ ಪೇಟೆಂಟ್ ಸಿಕ್ಕಿತ್ತು. ಆದರೆ ಎಲೆ ಹರಿಯದೆ, ಸಿಕ್ಕಿಕೊಳ್ಳದೆ, ದಿನವಿಡೀ ಕೆಲಸ ಮಾಡುವ ಯಂತ್ರ ಮೋಟಾರು ಮತ್ತು ಮೈಕ್ರೊಪ್ರೊಸೆಸರ್ ಬಂದ ಮೇಲೆಯೇ ಸಾಧ್ಯವಾಯಿತು.

ಪೆಟ್ಟಿಗೆಯ ಒಳಗೆ

ಈ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಎರಡು ಕಟ್ಟುಗಳ ಸರದಿ: ಒಂದು ಕಟ್ಟಿನಿಂದ ಆಟ ನಡೆಯುತ್ತಿರುವಾಗ ಇನ್ನೊಂದು ಪೆಟ್ಟಿಗೆಯೊಳಗೆ ಕಲೆಯುತ್ತಿರುತ್ತದೆ. ಇನ್ನೊಂದು ನಿರಂತರ ಕಲೆಸುವ ಯಂತ್ರ. ಆಡಿ ಮುಗಿದ ಎಲೆಗಳನ್ನು ಪ್ರತಿ ಸುತ್ತಿನ ಬಳಿಕ ಅದರೊಳಗೆ ಹಾಕಿಬಿಡುತ್ತಾರೆ. ಬಂದುಹೋದ ಎಲೆ ಮರುಕ್ಷಣವೇ ಮತ್ತೆ ಬರಬಹುದು. ಆದುದರಿಂದ ಲೆಕ್ಕ ಇಡುವುದಕ್ಕೆ ಅರ್ಥವೇ ಉಳಿಯುವುದಿಲ್ಲ, ಥಾರ್ಪ್ ಕಲಿಸಿದ ವಿದ್ಯೆ ಅಲ್ಲಿ ನಿಷ್ಪ್ರಯೋಜಕ. ಒಳಗೆ ರಬ್ಬರಿನ ಉರುಳೆಗಳು ಎಲೆಯನ್ನು ಒಂದೊಂದಾಗಿ ಎಳೆಯುತ್ತವೆ. ಯಾವ ಎಲೆ ಯಾವ ಗೂಡಿಗೆ ಹೋಗಬೇಕೆಂದು ಒಂದು ಚಿಪ್ ಸಂಖ್ಯೆ ಹುಟ್ಟಿಸಿ ನಿರ್ಧರಿಸುತ್ತದೆ. ಕೆಲವು ಯಂತ್ರಗಳಲ್ಲಿ ಪ್ರತಿ ಎಲೆಯನ್ನು ನೋಡುವ ಕ್ಯಾಮೆರಾ ಇದೆ. 52 ಎಲೆಗಳೂ ಸರಿಯಾಗಿವೆಯೇ, ಯಾವುದಾದರೂ ಮಾಯವಾಗಿದೆಯೇ ಅಥವಾ ಐದನೆಯ ಎಕ್ಕ ಸೇರಿಕೊಂಡಿದೆಯೇ ಎಂದು ಅದು ಪರೀಕ್ಷಿಸುತ್ತದೆ.

ಇದರಿಂದ ಕ್ಯಾಸಿನೊಗೆ ಮೂರು ಲಾಭ. ಡೀಲರನ ಕೈ ಎಲೆಗಳಿಂದ ದೂರವಾಯಿತು. ಆಟದ ವೇಗ ಹೆಚ್ಚಿತು. ಕಟ್ಟಿನ ಬೆರಕೆ ಡೀಲರನ ದಣಿವನ್ನಾಗಲಿ ಮನಸ್ಸನ್ನಾಗಲಿ ಅವಲಂಬಿಸದೆ ಎಲ್ಲ ಹೊತ್ತಿನಲ್ಲೂ ಒಂದೇ ಸಮವಾಯಿತು. ಮೊದಲನೆಯದರ ಮಹತ್ತ್ವಕ್ಕೆ ಒಂದು ನಿದರ್ಶನ ಸಾಕು. 2002ರಿಂದ ಕೆಲವು ವರ್ಷ ಸ್ಯಾನ್ ಡಿಯಾಗೊ ಮೂಲದ ಒಂದು ತಂಡ ಡೀಲರರಿಗೆ ಲಂಚ ಕೊಟ್ಟು, ಕಲೆಸಿದಂತೆ ನಟಿಸಿ ಒಂದು ಗುಂಪು ಎಲೆಗಳನ್ನು ಹಾಗೇ ಉಳಿಸುವಂತೆ ಮಾಡುತ್ತಿತ್ತು. ಅಮೆರಿಕ ಮತ್ತು ಕೆನಡಾದ ಸುಮಾರು 29 ಕ್ಯಾಸಿನೊಗಳು ಇವರ ಬಲೆಗೆ ಬಿದ್ದವು. ಮೋಸ ನಡೆದದ್ದು ಮಾಲೀಕನ ಸಂಬಳ ಪಡೆಯುವವನ ಕೈಯಿಂದಲೇ.

2012ರ ಏಪ್ರಿಲ್‌ನಲ್ಲಿ ಅಟ್ಲಾಂಟಿಕ್ ಸಿಟಿಯ ಗೋಲ್ಡನ್ ನಗೆಟ್ ಕ್ಯಾಸಿನೊದಲ್ಲಿ ಇದಕ್ಕಿಂತಲೂ ಸೋಜಿಗದ ಘಟನೆ ನಡೆಯಿತು. ಕಾರ್ಖಾನೆಯಿಂದ ಕಲೆಸಿಯೇ ಬರಬೇಕಿದ್ದ ಕಟ್ಟುಗಳು ಕಲೆಸದೆ ಬಂದಿದ್ದವು. ಬ್ಯಾಕರಾ ಮೇಜಿನಲ್ಲಿ ಎಲೆಗಳು ಒಂದೇ ಕ್ರಮದಲ್ಲಿ ಮರಳಿ ಮರಳಿ ಬರುವುದನ್ನು ಆಟಗಾರರು ಗಮನಿಸಿ ಹಣ ಏರಿಸಿದರು. ಸತತ 41 ಸಲ ಗೆದ್ದು 15 ಲಕ್ಷ ಡಾಲರಿಗೂ ಹೆಚ್ಚು ಬಾಚಿದರು. ಅವರೇನೂ ಮೋಸ ಮಾಡಿರಲಿಲ್ಲ. ಆದರೂ ಕಲೆಸದ ಎಲೆಗಳಿಂದ ನಡೆದದ್ದು ಕಾನೂನು ಒಪ್ಪುವ ಆಟವೇ ಅಲ್ಲವೆಂದು ಕೊನೆಗೆ ನ್ಯಾಯಾಧೀಶರು ಕ್ಯಾಸಿನೊ ಪರವಾಗಿ ತೀರ್ಪಿತ್ತರು. ಕ್ಯಾಸಿನೊ ಗೆಲ್ಲುವುದು ಆಟ. ಕ್ಯಾಸಿನೊ ಸೋಲುವುದು ಖಂಡಿತವಾದರೆ ಅದು ಆಟವಲ್ಲ!

ಯಂತ್ರದ ಪರೀಕ್ಷೆ

ಯಂತ್ರವಾದರೂ ಸರಿಯಾಗಿ ಕಲೆಸುತ್ತದೆಯೇ? ಈ ಪ್ರಶ್ನೆಯನ್ನು ಯಂತ್ರ ತಯಾರಿಸುವ ಒಂದು ದೊಡ್ಡ ಕಂಪೆನಿಯೇ ಡಯಾಕೊನಿಸ್ ಮತ್ತು ಅವರ ಪತ್ನಿ, ಸಂಖ್ಯಾಶಾಸ್ತ್ರಜ್ಞೆ ಸೂಸನ್ ಹೋಮ್ಸ್ ಅವರ ಮುಂದಿಟ್ಟಿತು. ಹೊಸ ಯಂತ್ರದಲ್ಲಿ ಹತ್ತು ಅರೆಗಳಿದ್ದವು. ಪ್ರತಿ ಎಲೆ ಯಾವುದಾದರೊಂದು ಅರೆಗೆ ಹೋಗಿ, ಅಲ್ಲಿರುವ ಎಲೆಗಳ ಮೇಲೋ ಕೆಳಗೋ ಕೂರುತ್ತಿತ್ತು. ಕೊನೆಗೆ ಅರೆಗಳನ್ನು ಒಟ್ಟುಗೂಡಿಸಿದರೆ ಕಟ್ಟು ಸಿದ್ಧ. ನೋಡಲು ಚೆನ್ನಾಗಿಯೇ ಇದೆ. ಆದರೆ ಪ್ರತಿ ಅರೆಯೊಳಗೆ ಎಲೆಗಳು ಏರುವ ಕ್ರಮದ ಒಂದು ಸಾಲಾಗಿಯೂ ಇಳಿಯುವ ಕ್ರಮದ ಒಂದು ಸಾಲಾಗಿಯೂ ಇರುತ್ತವೆಂಬುದನ್ನು ಗಣಿತಜ್ಞರು ಹಿಡಿದರು. ಈ ಗುಟ್ಟು ಬಲ್ಲವನು ಒಂದೊಂದೇ ಎಲೆ ತೆರೆಯುತ್ತ ಮುಂದಿನದನ್ನು ಊಹಿಸಿದರೆ 52ರಲ್ಲಿ ಸರಾಸರಿ ಒಂಬತ್ತೂವರೆ ಸರಿಯಾಗುತ್ತದೆ. ಚೆನ್ನಾಗಿ ಬೆರೆತ ಕಟ್ಟಿನಲ್ಲಿ ಅದು ನಾಲ್ಕೂವರೆಯಷ್ಟೇ ಇರಬೇಕು. ಕಂಪೆನಿಯ ಮುಖ್ಯಸ್ಥರಿಗೆ ಇದು ಹಿಡಿಸಲಿಲ್ಲ, ಆದರೆ ಒಪ್ಪಿಕೊಂಡರು. ಕಟ್ಟನ್ನು ಯಂತ್ರದೊಳಗೆ ಎರಡು ಸಲ ಹಾಯಿಸಿದರೆ ಸಾಕೆಂಬುದು ಗಣಿತಜ್ಞರ ಸರಳ ಪರಿಹಾರವಾಗಿತ್ತು. ಜೇಸನ್ ಫುಲ್ಮನ್ ಅವರೊಡನೆ ಬರೆದ ಈ ಪ್ರಬಂಧ 2013ರಲ್ಲಿ ಪ್ರಕಟವಾಯಿತು.

ಯಂತ್ರ ಬರಿಯ ಸಾಫ್ಟ್‌ವೇರ್ ಆದಾಗ ಅಪಾಯ ಇನ್ನೂ ಹೆಚ್ಚು. 1999ರಲ್ಲಿ ಇಂಟರ್ನೆಟ್ ಪೋಕರಿಗೆ ಬಳಸುತ್ತಿದ್ದ ಒಂದು ಪ್ರೋಗ್ರಾಮನ್ನು ಅಮೆರಿಕದ ತಜ್ಞರು ಪರೀಕ್ಷಿಸಿದರು. ಅದು ಮಧ್ಯರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳ ಸಂಖ್ಯೆಯನ್ನು ಬೀಜವಾಗಿ ಹಿಡಿದು ಎಲೆ ಕಲೆಸುತ್ತಿತ್ತು. ದಿನಕ್ಕೆ 8 ಕೋಟಿ 64 ಲಕ್ಷ ಮಿಲಿಸೆಕೆಂಡುಗಳು. ಹಾಗಾಗಿ ಹುಟ್ಟಬಹುದಾದ ಕಟ್ಟುಗಳೂ ಅಷ್ಟೇ, 67 ಸೊನ್ನೆಗಳ ಆ ಮಹಾಸಾಗರದಲ್ಲಿ ಒಂದು ಹನಿಯಷ್ಟೂ ಅಲ್ಲ. ಗಡಿಯಾರ ಹೊಂದಿಸಿಕೊಂಡು ಸಾಧ್ಯತೆಗಳನ್ನು ಸುಮಾರು ಎರಡು ಲಕ್ಷಕ್ಕೆ ಇಳಿಸಿ, ಮೇಜಿನ ಮೇಲೆ ತೆರೆದ ಕೆಲವೇ ಎಲೆಗಳಿಂದ ಎಲ್ಲರ ಕೈಯಲ್ಲಿರುವ ಎಲೆಗಳನ್ನೂ ಅವರು ಹೇಳಿಬಿಟ್ಟರು. ಆ ಪ್ರೋಗ್ರಾಮಿನವರು ತಾವು ಪ್ರಾಮಾಣಿಕವಾಗಿ ಕಲೆಸುತ್ತೇವೆಂದು ತೋರಿಸಲು ವಿಧಾನವನ್ನು ಸ್ವತಃ ಪ್ರಕಟಿಸಿದ್ದರು. ಪ್ರಾಮಾಣಿಕತೆ ಇತ್ತು, ಜಾಣ್ಮೆ ಸಾಲಲಿಲ್ಲ.

ಯಂತ್ರದ ಗುಣವೇ ದೋಷವಾಗುವುದೂ ಉಂಟು. ಪ್ರಖ್ಯಾತ ಪೋಕರ್ ಆಟಗಾರ ಫಿಲ್ ಐವಿ 2012ರಲ್ಲಿ ಅಟ್ಲಾಂಟಿಕ್ ಸಿಟಿಯ ಬೋರ್ಗಾಟಾ ಕ್ಯಾಸಿನೊದಲ್ಲಿ ಬ್ಯಾಕರಾ ಆಡಿ ಸುಮಾರು 96 ಲಕ್ಷ ಡಾಲರ್ ಗೆದ್ದರು. ಅವರ ಷರತ್ತುಗಳಲ್ಲಿ ಒಂದು, ಎಲೆಗಳನ್ನು ಯಂತ್ರದಿಂದಲೇ ಕಲೆಸಬೇಕು ಎಂಬುದು. ಎಲೆಗಳ ಹಿಂಬದಿಯ ಚಿತ್ರ ಎರಡು ಅಂಚುಗಳಲ್ಲಿ ಕೂದಲೆಳೆಯಷ್ಟು ಭಿನ್ನವಾಗಿತ್ತು. ಒಳ್ಳೆಯ ಎಲೆಗಳನ್ನು ತಿರುಗಿಸಿ ಇಡುವಂತೆ ಶಕುನದ ನೆಪದಲ್ಲಿ ಡೀಲರನಿಗೆ ಹೇಳಿಸುತ್ತಿದ್ದರು. ಕೈಯಿಂದ ಕಲೆಸಿದರೆ ಕಟ್ಟಿನ ಅರ್ಧ ತಿರುಗಿಬಿಡಬಹುದು. ಯಂತ್ರ ಎಲೆಗಳ ಕ್ರಮವನ್ನು ಕೆಡಿಸುತ್ತದೆ, ದಿಕ್ಕನ್ನು ಕೆಡಿಸುವುದಿಲ್ಲ! ನ್ಯಾಯಾಲಯ ಹಣ ಹಿಂದಿರುಗಿಸಲು ಆದೇಶಿಸಿತು. ಲಂಡನ್ನಿನಲ್ಲಿ ಇದೇ ಬಗೆಯಲ್ಲಿ ಅವರು ಗೆದ್ದಿದ್ದ 77 ಲಕ್ಷ ಪೌಂಡ್ ಕೊಡಬೇಕಿಲ್ಲವೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು.

ಈಗ ಮೊದಲಿನ ಪ್ರಶ್ನೆಗೆ ಮರಳೋಣ. 2023ರ ಆಗಸ್ಟಿನಲ್ಲಿ ಲಾಸ್ ವೇಗಸ್‌ನ ಸಮ್ಮೇಳನವೊಂದರಲ್ಲಿ ಭದ್ರತಾ ಸಂಶೋಧಕರು, ಬಹಳ ಬಳಕೆಯಲ್ಲಿರುವ ಒಂದು ಕಲೆಸುವ ಯಂತ್ರದ ಯುಎಸ್‌ಬಿ ಕಿಂಡಿಗೆ ಚಿಕ್ಕ ಸಾಧನ ಸಿಕ್ಕಿಸಿ, ಒಳಗಿನ ಕ್ಯಾಮೆರಾ ನೋಡಿದ್ದನ್ನೆಲ್ಲ ತಮ್ಮ ಫೋನಿಗೆ ತರಿಸಿ ತೋರಿಸಿದರು. ಎರಡು ವರ್ಷಗಳ ಬಳಿಕ ನ್ಯೂಯಾರ್ಕಿನ ಆರೋಪಪಟ್ಟಿ ಹೇಳಿದ್ದೂ ಅಂಥದೇ ಮಾತು: ತಿದ್ದಿದ ಯಂತ್ರ ಎಲೆಗಳನ್ನು ಓದುತ್ತದೆ, ಯಾರ ಕೈ ಗೆಲ್ಲುತ್ತದೆಂದು ದೂರದಲ್ಲಿರುವವನಿಗೆ ತಿಳಿಸುತ್ತದೆ, ಆತ ಮೇಜಿನಲ್ಲಿ ಕೂತ ತನ್ನವನ ಫೋನಿಗೆ ಸುದ್ದಿ ಕಳುಹಿಸುತ್ತಾನೆ, ಅವನು ಸನ್ನೆಯಿಂದ ಉಳಿದವರಿಗೆ ತಿಳಿಸುತ್ತಾನೆ. 52 ಎಲೆಗಳೂ ಸರಿಯಾಗಿವೆಯೇ ಎಂದು ನೋಡಲು ಇಟ್ಟ ಕಣ್ಣು ಕಳ್ಳನ ಕಣ್ಣಾಯಿತು. ಯಂತ್ರಕ್ಕೆ ಆಸೆಯಿಲ್ಲ, ನಿಜ. ಅದನ್ನು ತಿದ್ದುವವನಿಗೆ ಇದೆ.

ಬೆರಕೆಯ ನ್ಯಾಯ

ನಮ್ಮ ದೇಶದ ಕಾನೂನಿಗೂ ಎಲೆ ಕಲೆಸುವ ಪ್ರಶ್ನೆಗೂ ಹತ್ತಿರದ ಸಂಬಂಧವಿದೆ. ಸಿಕಂದರಾಬಾದಿನ ಒಂದು ಕ್ಲಬ್ಬಿನ ರಮ್ಮಿ ಆಟದ ಮೊಕದ್ದಮೆಯಲ್ಲಿ 1967ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬರೆದವರು ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ. ಎಲೆ ಕಲೆಸಿ ಹಂಚುವ ಎಲ್ಲ ಆಟಗಳಲ್ಲೂ ಅದೃಷ್ಟದ ಅಂಶ ಇದ್ದೇ ಇದೆ. ಆದರೆ ರಮ್ಮಿಯಲ್ಲಿ ಬಿದ್ದ ಎಲೆ ನೆನಪಿಡುವ, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕೆಂದು ತೀರ್ಮಾನಿಸುವ ಕುಶಲತೆಯೇ ಪ್ರಧಾನ, ಮೂರೆಲೆ ಆಟದಂತೆ ಅದು ಬರಿಯ ಅದೃಷ್ಟವಲ್ಲ ಎಂದರು ಅವರು. ಕುಶಲತೆ ಮತ್ತು ಅದೃಷ್ಟದ ಈ ಗೆರೆಯ ಮೇಲೆಯೇ ಮುಂದೆ ಮೊಬೈಲ್ ರಮ್ಮಿಯ ದೊಡ್ಡ ಉದ್ಯಮ ನಿಂತಿತು. 2021ರಲ್ಲಿ ಕರ್ನಾಟಕ ಸರಕಾರ ತಂದ ನಿಷೇಧವನ್ನು ನಮ್ಮ ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಕುಶಲತೆಯೋ ಅದೃಷ್ಟವೋ ಎಂಬ ಭೇದವಿಲ್ಲದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು.

ನೆಲದ ಮೇಲಿನ ಮೇಜುಗಳ ಕಥೆ ಬೇರೆ. ವಾರದ ಕೊನೆಗೆ ಗೋವಾದ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಿಗೆ ಹೋಗುವ ನಮ್ಮವರು ಕಡಿಮೆಯಿಲ್ಲ. ಅಲ್ಲಿ ಯಂತ್ರದಿಂದ ಬಂದ ಎಲೆ ನೋಡಿ, ಇಲ್ಲಿ ಮೋಸವಿಲ್ಲ ಎಂದು ಸಮಾಧಾನಪಡುವವರಿಗೆ ನಾವು ಹೇಳಬೇಕಾದದ್ದು ಇಷ್ಟೇ. ಮೋಸವಿಲ್ಲ ಎಂಬುದಕ್ಕೂ ನ್ಯಾಯವಿದೆ ಎಂಬುದಕ್ಕೂ ಬಹಳ ಅಂತರವಿದೆ. ಯಂತ್ರ ಸರಿಯಾಗಿ ಕಲೆಸಿದಷ್ಟೂ ಮಾಲೀಕನ ಲೆಕ್ಕ ಸರಿಯಾಗಿ ನಡೆಯುತ್ತದೆ. ಅದು ವೇಗವಾಗಿ ಕಲೆಸಿದಷ್ಟೂ ಗಿರಾಕಿಯ ಜೇಬು ವೇಗವಾಗಿ ಬರಿದಾಗುತ್ತದೆ. ಆ ಪೆಟ್ಟಿಗೆ ಕಾಯುವುದು ಆಟಗಾರನನ್ನಲ್ಲ, ನೂರಕ್ಕೆ ಎರಡೋ ಮೂರೋ ರೂಪಾಯಿಯ ಆ ಅಂತರವನ್ನು.

ಹಾಗೆಂದು ಚೆನ್ನಾಗಿ ಕಲೆಸುವ ವಿದ್ಯೆ ಕೆಟ್ಟದ್ದಲ್ಲ. ಅದರ ಬೆಲೆ ತಿಳಿಯಬೇಕಾದರೆ ಜೂಜುಕಟ್ಟೆಯಿಂದ ಹೊರಗೆ ನೋಡಬೇಕು. 1969ರ ಡಿಸೆಂಬರ್ 1ರಂದು ಅಮೆರಿಕ ಯಾವ ಯುವಕರನ್ನು ವಿಯೆಟ್ನಾಂ ಯುದ್ಧಕ್ಕೆ ಕಳುಹಿಸಬೇಕೆಂದು ಚೀಟಿ ಎತ್ತಿತು. 366 ಜನ್ಮದಿನಗಳ ಗುಳಿಗೆಗಳನ್ನು ಜನವರಿಯಿಂದ ಡಿಸೆಂಬರಿನವರೆಗೆ ತಿಂಗಳಿನ ಕ್ರಮದಲ್ಲಿ ಪೆಟ್ಟಿಗೆಗೆ ಹಾಕಿ, ಸರಿಯಾಗಿ ಕಲೆಸಲಿಲ್ಲ. ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರ ಹೆಸರು ಮುಂಚೆ ಬರುವ ಒಲವು ಫಲಿತಾಂಶದಲ್ಲಿ ಎದ್ದು ಕಂಡಿತು. ಅರೆಬರೆ ಕಲೆಸಿದ್ದರ ಬೆಲೆಯನ್ನು ಡಿಸೆಂಬರಿನಲ್ಲಿ ಹುಟ್ಟಿದ ಹುಡುಗರು ತೆತ್ತರು.

ನಮ್ಮಲ್ಲೂ ಹಜ್ ಯಾತ್ರೆಗೆ ಅರ್ಜಿಗಳು ಕೋಟಾಕ್ಕಿಂತ ಹೆಚ್ಚಾದಾಗ ಖುರ‍್ರಾ ಎತ್ತುತ್ತಾರೆ. ಜೀವಮಾನದ ಉಳಿತಾಯ ಕೂಡಿಸಿಟ್ಟ ಮುದುಕ ಆ ಪಟ್ಟಿಗಾಗಿ ಕಾಯುತ್ತಾನೆ. ಶಿಕ್ಷಣ ಹಕ್ಕು ಕಾಯಿದೆಯಡಿ ಬಡವರ ಮಕ್ಕಳಿಗೆ ಖಾಸಗಿ ಶಾಲೆಯ ಸೀಟು ಸಿಗುವುದೂ ಲಾಟರಿಯಿಂದಲೇ. ಇಲ್ಲಿ ಯಾರೂ ಯಾರ ಹಣವನ್ನೂ ಗೆಲ್ಲುವುದಿಲ್ಲ. ಎಲ್ಲರಿಗೂ ಸಮಾನ ಹಕ್ಕಿದ್ದು ವಸ್ತು ಮಾತ್ರ ಕಡಿಮೆ ಇದ್ದಾಗ, ಶಿಫಾರಸಿಗೂ ಲಂಚಕ್ಕೂ ಎಡೆಯಿಲ್ಲದಂತೆ ಹಂಚಲು ಮನುಷ್ಯ ಕಂಡುಕೊಂಡ ದಾರಿ ಇದು. ಮೈಸಿರಿಗೂ ಖುರ‍್ರಾಕ್ಕೂ ಇರುವ ವ್ಯತ್ಯಾಸ ಇದೇ. ಒಂದೇ ಬೆರಕೆ ಒಂದು ಕಡೆ ಸುಲಿಗೆಗೆ, ಇನ್ನೊಂದು ಕಡೆ ನ್ಯಾಯಕ್ಕೆ.

ಕ್ಯಾಸಿನೊದ ಎರಡು ರೂಪಾಯಿ ಕಾಯಲು ಯಂತ್ರದ ಕಂಪೆನಿ ಗಣಿತಜ್ಞರನ್ನು ಕರೆಸಿ ಯಂತ್ರವನ್ನು ಪರೀಕ್ಷೆಗೆ ಒಡ್ಡಿತು, ಅವರು ಕಂಡ ದೋಷವನ್ನು ಒಪ್ಪಿಕೊಂಡಿತು. ಹಜ್ಜಿನ ಪಟ್ಟಿ, ಶಾಲೆಯ ಸೀಟು, ಮನೆ ನಿವೇಶನ ಇವನ್ನು ಹಂಚುವ ಕಂಪ್ಯೂಟರನ್ನು ಹಾಗೆ ತೆರೆದು ನೋಡಿ ಎಂದು ನಾವು ಎಷ್ಟು ಸಲ ಕೇಳಿದ್ದೇವೆ? ಎಲೆ ಕಲೆಸಿದವನು ಯಾರೇ ಆಗಿರಲಿ, ಪಕ್ಕದವನು ಕಟ್ಟು ಕತ್ತರಿಸಬೇಕೆಂಬ ಅರಳಿಕಟ್ಟೆಯ ರಿವಾಜು ಜೂಜಿನವರಿಗಿಂತ ನಮಗೇ ಹೆಚ್ಚು ಬೇಕಾಗಿದೆ.